ಬೆಳಕನ್ನೇ ಅಳತೆಗೋಲಾಗಿಸಿದ ಟೊಲಾನ್‌ಸ್ಕಿ

ಕಣ್ಣಿಗೆ ನುಣುಪೆಂದು ತೋರುವ ಮೇಲ್ಮೈಯಲ್ಲಿಯೂ ಬೆಟ್ಟ, ಕಣಿವೆ, ಮೆಟ್ಟಿಲುಗಳಿರುತ್ತವೆ. ಬೆಳಕಿನ ತರಂಗದೂರಕ್ಕಿಂತ ನೂರಾರು ಪಟ್ಟು ಕಿರಿದಾದ ಈ ಏರುತಗ್ಗುಗಳನ್ನು ಬೆಳಕಿನಿಂದಲೇ ಅಳೆದು ತೋರಿಸಿದ ಭೌತವಿಜ್ಞಾನಿ ಸ್ಯಾಮ್ಯುಯೆಲ್ ಟೊಲಾನ್‌ಸ್ಕಿ.

ಲಿಥುವೇನಿಯದಿಂದ ವಲಸೆ ಬಂದ ಯೆಹೂದಿ ದಂಪತಿಗಳ ಮಗನಾಗಿ ಅವರು 1907ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದಲ್ಲಿ ಜನಿಸಿದರು. ಅಲ್ಲಿನ ಆರ್ಮ್‌ಸ್ಟ್ರಾಂಗ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿ, ಬರ್ಲಿನ್ ಹಾಗೂ ಲಂಡನ್ನುಗಳಲ್ಲಿ ಸಂಶೋಧನೆ ನಡೆಸಿ, 1934ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯವನ್ನು ಸೇರಿದರು. ಪರಮಾಣುಗಳು ಸೂಸುವ ಬೆಳಕಿನ ರೋಹಿತರೇಖೆಗಳ ಅಧ್ಯಯನವೇ ಅವರ ಮೊದಲ ಕ್ಷೇತ್ರ. ಅದಕ್ಕಾಗಿ ಬೆಳ್ಳಿ ಲೇಪಿಸಿದ ಎರಡು ಗಾಜಿನ ಫಲಕಗಳನ್ನು ಎದುರುಬದುರಾಗಿ ನಿಲ್ಲಿಸಿದ ವ್ಯತಿಕರಣಮಾಪಕವನ್ನು ಬಳಸುತ್ತಿದ್ದರು.

ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಅವರು ಈ ಕ್ರಮವನ್ನೇ ತಿರುಗಿಸಿದರು. ಫಲಕಗಳಿಂದ ಬೆಳಕನ್ನು ಪರೀಕ್ಷಿಸುವುದನ್ನು ಬಿಟ್ಟು, ಬೆಳಕಿನಿಂದ ಮೇಲ್ಮೈಯನ್ನು ಪರೀಕ್ಷಿಸತೊಡಗಿದರು. ಪರೀಕ್ಷಿಸಬೇಕಾದ ವಸ್ತುವಿನ ಸಮೀಪ ಸಮತಲವಾದ ಗಾಜನ್ನಿಟ್ಟು ಏಕವರ್ಣದ ಬೆಳಕು ಹಾಯಿಸಿದರೆ, ಭೂಪಟದ ಸಮೋನ್ನತ ರೇಖೆಗಳಂತೆ ಪಟ್ಟೆಗಳು ಮೂಡುತ್ತವೆ. ಅರ್ಧ ತರಂಗದೂರದ ಎತ್ತರಕ್ಕೆ ಒಂದು ಪಟ್ಟೆ. ಆದರೆ ಎರಡೇ ಕಿರಣಗಳು ಸೇರಿದಾಗ ಪಟ್ಟೆಗಳು ಅಗಲವಾಗಿ ಮಸುಕಾಗಿರುತ್ತವೆ. ಎರಡೂ ಮೇಲ್ಮೈಗಳಿಗೆ ನಿರ್ವಾತದಲ್ಲಿ ಬೆಳ್ಳಿಯನ್ನು ಲೇಪಿಸಿದಾಗ ಬೆಳಕು ಅವುಗಳ ನಡುವೆ ಹಲವು ಬಾರಿ ಪುಟಿಯುತ್ತದೆ. ಲೇಪವು ನೂರಕ್ಕೆ 94 ಪಾಲು ಬೆಳಕನ್ನು ಪ್ರತಿಫಲಿಸಿದರೆ, ಪಟ್ಟೆಯ ಅಗಲ ಪಟ್ಟೆಗಳ ನಡುವಣ ಅಂತರದ ಸುಮಾರು 1/50ಕ್ಕೆ ಇಳಿಯುತ್ತದೆ. ಅಷ್ಟು ತೆಳುವಾದ ಗೆರೆ ತುಸು ಬಾಗಿದರೂ ಕಣ್ಣಿಗೆ ಬೀಳುತ್ತದೆ. ಹೀಗೆ ಅಭ್ರಕದ ಸೀಳಿನಲ್ಲಿ ಸುಮಾರು 20 ಆಂಗ್‌ಸ್ಟ್ರಾಮ್ ಎತ್ತರದ ಮೆಟ್ಟಿಲುಗಳೂ ಅಳತೆಗೆ ಸಿಕ್ಕವು. ಎತ್ತರದಲ್ಲಿ ಇಷ್ಟು ಸೂಕ್ಷ್ಮವಾದ ಈ ವಿಧಾನ, ಅಗಲದಲ್ಲಿ ಮಾತ್ರ ಸಾಮಾನ್ಯ ಸೂಕ್ಷ್ಮದರ್ಶಕದ ಮಿತಿಯನ್ನು ದಾಟದು.

1947ರಲ್ಲಿ ಅವರು ರಾಯಲ್ ಹಾಲೋವೇ ಕಾಲೇಜಿನ ಪ್ರಾಧ್ಯಾಪಕರಾದರು. 1952ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ಲಭಿಸಿತು. ವಜ್ರ ಅವರ ಅಚ್ಚುಮೆಚ್ಚಿನ ವಸ್ತು. ವಜ್ರದ ಮುಖಗಳ ಮೇಲಿನ ತ್ರಿಕೋನಾಕಾರದ ಕುಳಿಗಳನ್ನು ಅವರು ಎಚ್ಚರದಿಂದ ಅಳೆದರು. ಅವು ಹರಳು ಬೆಳೆಯುವಾಗ ಉಂಟಾದವೆಂದು ಪ್ರತಿಪಾದಿಸಿದರು. ಬೆಳೆದ ವಜ್ರ ಅಂಚಂಚಾಗಿ ಕರಗಿದ್ದರಿಂದ ಆ ಕುಳಿಗಳು ಆದವೆಂಬುದು ಅನಂತರದ ವಿಜ್ಞಾನಿಗಳ ನಿರ್ಣಯ. ಅವರ ವಿವರಣೆ ಬಿದ್ದುಹೋಯಿತು. ಅವರ ಅಳತೆಗಳು ಬೀಳಲಿಲ್ಲ. 

1969ರಲ್ಲಿ ಅಪೋಲೋ 11 ತಂದ ಚಂದ್ರನ ಮಣ್ಣನ್ನು ಪರೀಕ್ಷಿಸಿದ ವಿಜ್ಞಾನಿಗಳಲ್ಲಿ ಅವರೂ ಒಬ್ಬರು; ಅದರೊಳಗಿನ ಪುಟ್ಟ ಗಾಜಿನ ಗೋಲಿಗಳನ್ನು ಅವರು ಅಭ್ಯಸಿಸಿದರು. 1973ರಲ್ಲಿ ನಿಧನರಾದರು. ತನ್ನ ಊಹೆಯನ್ನು ಮುಂದಿನವರು ಅಳಿಸಬಹುದೆಂದು ಬಲ್ಲವನು ಅಳತೆಯನ್ನು ಮಾತ್ರ ಅಳಿಯದಂತೆ ಮಾಡಬೇಕು. ವಿಜ್ಞಾನವನ್ನು ಕಲಿಯುವವರಿಗೂ ಕಲಿಸುವವರಿಗೂ ಅವರ ಬಾಳು ಉಳಿಸಿಹೋದ ಪಾಠ ಇದು.