ತಿರುವಾಂಕೂರಿನ ದಿವಾನ ಸರ್ ಸಿ. ಪಿ.

ರಾಜ್ಯೋತ್ಸವದ ಸಂಚಿಕೆಯಲ್ಲಿ ತಮಿಳು ದಿವಾನರೊಬ್ಬರ ಚರಿತ್ರೆಯೇಕೆಂದು ವಾಚಕರು ಕೇಳಬಹುದು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ದಿನ ತಿರುವಾಂಕೂರಿನ ದಕ್ಷಿಣದ ತಾಲ್ಲೂಕುಗಳು ಮದರಾಸಿಗೆ ಹೋದವು. ಅಂದು ಬದಲಾದದ್ದು ರಾಜ್ಯಗಳ ಗಡಿ ಮಾತ್ರ. ಅದಕ್ಕೆ ಒಂಬತ್ತು ವರ್ಷ ಮೊದಲು, ನಾವು ಕನ್ನಡಿಗರು ಈಗ ನೆಲಸಿರುವ ಈ ಶ್ರೀಕಾರ್ಯಂ ಸೀಮೆ ಭಾರತದಿಂದಲೇ ಬೇರೆಯಾಗಲು ಹೊರಟಿತ್ತು.

ಹಾಗೆ ಹೊರಡಿಸಿದವರು ಸರ್ ಸಿ. ಪಿ. ರಾಮಸ್ವಾಮಿ ಅಯ್ಯರ್. 1879ರಲ್ಲಿ ಹುಟ್ಟಿ, ಮದರಾಸಿನಲ್ಲಿ ವಕೀಲರಾಗಿ ಹೆಸರು ಮಾಡಿ, ಆನಿ ಬೆಸೆಂಟರ ಹೋಂ ರೂಲ್ ಚಳವಳಿಯಲ್ಲಿ ದುಡಿದವರು. 1936ರಲ್ಲಿ ದಿವಾನರಾದರು. ಅದೇ ವರ್ಷ ಮಹಾರಾಜರು ದೇವಾಲಯಗಳನ್ನು ಎಲ್ಲ ಹಿಂದೂಗಳಿಗೂ ತೆರೆದರು. ಮರುವರ್ಷ ವಿಶ್ವವಿದ್ಯಾನಿಲಯ, ಬಳಿಕ ಪಳ್ಳಿವಾಸಲ್ ವಿದ್ಯುತ್ತು ಬಂದವು. ಇವುಗಳಲ್ಲಿ ಅವರ ಪಾಲನ್ನು ವಿರೋಧಿಗಳೂ ಅಲ್ಲಗಳೆಯಲಾರರು.

1947ರ ಜೂನ್ 11ರಂದು ಅವರು ತಿರುವಾಂಕೂರು ಸ್ವತಂತ್ರವಾಗುವುದೆಂದು ಸಾರಿದರು. ಸಂಸ್ಥಾನದ ಒಪ್ಪಂದವಿದ್ದದ್ದು ಬ್ರಿಟಿಷ್ ದೊರೆಯೊಂದಿಗೆ. ದೊರೆಯ ಮೇಲಧಿಕಾರ ತೀರಿದ ದಿನ ಅದು ದೆಹಲಿಗೆ ಹೋಗದೆ ಸಂಸ್ಥಾನಕ್ಕೇ ಮರಳುವುದೆಂಬುದು ಅವರ ವಾದ. ಕಾಗದದ ಮೇಲೆ ಅದು ಗಟ್ಟಿಯೇ. ಬ್ರಿಟಿಷರೂ ಹಾಗೆಯೇ ಹೇಳಿದ್ದರು. ಅಣುಶಕ್ತಿಗೆ ಬೇಕಾದ ಥೋರಿಯಂ ಇಲ್ಲಿನ ಕಡಲ ಮರಳಿನಲ್ಲಿತ್ತು. ಪಾಕಿಸ್ತಾನಕ್ಕೆ ಪ್ರತಿನಿಧಿಯನ್ನೂ ಗೊತ್ತುಮಾಡಿದರು.

ಬ್ಯಾಂಕಿನ ಲೆಡ್ಜರಿನಲ್ಲಿ ಕಣ್ಣು ಸವೆಸುವ ನಮಗೆ ಇದರ ಖರ್ಚಿನ ಕಡೆಯೇ ಮೊದಲು ಕಾಣುತ್ತದೆ. ಅಕ್ಕಿಯ ದೊಡ್ಡ ಪಾಲು ಹೊರಗಿನಿಂದ ಬರಬೇಕು. ಯುದ್ಧದಲ್ಲಿ ಬರ್ಮಾದ ಅಕ್ಕಿ ನಿಂತಾಗ ಬಡವರ ಹೊಟ್ಟೆ ಹೊರೆದದ್ದು ಮರಗೆಣಸು. (ಆ ಗೆಣಸಿನ ಸಂಶೋಧನೆಗೆ ಕೇಂದ್ರ ಸರ್ಕಾರ 1963ರಲ್ಲಿ ಸಂಸ್ಥೆ ತೆರೆದದ್ದು ನಮ್ಮ ಶ್ರೀಕಾರ್ಯದಲ್ಲಿಯೇ!) ಅದಕ್ಕಿಂತ ದೊಡ್ಡ ಕೊರತೆ ಜನರ ಒಪ್ಪಿಗೆಯದು. 1946ರ ಅಕ್ಟೋಬರಿನಲ್ಲಿ ಪುನ್ನಪ್ರ, ವಯಲಾರ್‌ಗಳಲ್ಲಿ ನೂರಾರು ಕೂಲಿಗಾರರು ಗುಂಡಿಗೆ ಬಲಿಯಾಗಿದ್ದರು. ಅವರ ಮನೆಯವರಿಗೆ ಆ ಸ್ವಾತಂತ್ರ್ಯ ಯಾರದೆಂದು ತೋರಿರಬೇಕು?

1947ರ ಜುಲೈ 25ರ ರಾತ್ರಿ ತಿರುವನಂತಪುರದ ಸಂಗೀತ ಸಭೆಯೊಂದರಿಂದ ಹೊರಡುವಾಗ ಸಿ. ಪಿ.ಯವರ ಮೇಲೆ ಕತ್ತಿಯೇಟು ಬಿತ್ತು. ಬದುಕಿಕೊಂಡರು. ಐದು ದಿನಗಳಲ್ಲಿ ಮಹಾರಾಜರು ಭಾರತಕ್ಕೆ ಸೇರುವೆವೆಂದು ತಂತಿ ಕಳುಹಿಸಿದರು. ಆಗಸ್ಟ್ 19ರಂದು ದಿವಾನರು ಅಧಿಕಾರ ಬಿಟ್ಟರು.

ಅವರು ಮುಂದೆ ಕಾಶಿ, ಅಣ್ಣಾಮಲೈ ವಿಶ್ವವಿದ್ಯಾನಿಲಯಗಳ ಕುಲಪತಿಗಳಾದರು. 1966ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ನಮಗೆ ಅಚ್ಚರಿಯೆನಿಸುವುದು ನಡುವಿನ ಒಂದು ಕೆಲಸ. ದಕ್ಷಿಣದಲ್ಲಿ ಪ್ರತ್ಯೇಕ ದ್ರಾವಿಡನಾಡಿನ ಕೂಗು ಎದ್ದಿದ್ದ ಕಾಲದಲ್ಲಿ ರಾಷ್ಟ್ರೀಯ ಏಕತಾ ಪರಿಷತ್ತಿನ ಸಮಿತಿಗೆ ಅವರೇ ಅಧ್ಯಕ್ಷರು. ಆ ಸಮಿತಿಯ ಸಲಹೆಯಂತೆ 1963ರಲ್ಲಿ ಸಂವಿಧಾನಕ್ಕೆ 16ನೆಯ ತಿದ್ದುಪಡಿಯಾಯಿತು. ಅಂದಿನಿಂದ ಚುನಾವಣೆಗೆ ನಿಲ್ಲುವ ಪ್ರತಿಯೊಬ್ಬರೂ ಭಾರತದ ಅಖಂಡತೆಯನ್ನು ಕಾಯುವೆನೆಂದು ಪ್ರಮಾಣ ಮಾಡಬೇಕು.