ಜಾನ್ ಮ್ಯೂರ್

ಜಾನ್ ಮ್ಯೂರ್ (೨೧ ಏಪ್ರಿಲ್ ೧೮೩೮ – ೨೪ ಡಿಸೆಂಬರ್ ೧೯೧೪) ಸ್ಕಾಟ್ಲೆಂಡಿನಲ್ಲಿ ಜನಿಸಿ ಅಮೆರಿಕದಲ್ಲಿ ನೆಲೆಸಿದ ನಿಸರ್ಗತಜ್ಞ, ಲೇಖಕ ಹಾಗೂ ಅರಣ್ಯ ಸಂರಕ್ಷಣೆಯ ಪ್ರತಿಪಾದಕ. ಕ್ಯಾಲಿಫೋರ್ನಿಯಾದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ಸ್ಥಾಪನೆಗೆ ಇವರ ಬರಹಗಳು ಮುಖ್ಯ ಪ್ರೇರಣೆಯಾದವು. ಸಿಯೆರಾ ಕ್ಲಬ್ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರಾದ ಇವರು ಕೊನೆಯವರೆಗೂ ಅದರ ಅಧ್ಯಕ್ಷರಾಗಿದ್ದರು. ಇವರನ್ನು ರಾಷ್ಟ್ರೀಯ ಉದ್ಯಾನಗಳ ಪಿತಾಮಹರೆಂದು ಕರೆಯುವ ರೂಢಿಯಿದೆ. ಆದರೆ ಅಮೆರಿಕದ ಮೊದಲ ರಾಷ್ಟ್ರೀಯ ಉದ್ಯಾನವಾದ ಯೆಲ್ಲೋಸ್ಟೋನ್ ೧೮೭೨ರಲ್ಲಿಯೇ, ಇವರ ಪಾತ್ರವಿಲ್ಲದೆ, ಸ್ಥಾಪನೆಯಾಗಿತ್ತಾದ್ದರಿಂದ ಆ ಬಿರುದು ಅಕ್ಷರಶಃ ಸರಿಯಲ್ಲ. ಉದ್ಯಾನಗಳನ್ನು ಏಕೆ ನೋಡಬೇಕು, ಹೇಗೆ ನೋಡಬೇಕು ಎಂಬುದನ್ನು ಜನಸಾಮಾನ್ಯರಿಗೆ ತಿಳಿಸಿದ್ದು ಮತ್ತು ಕಣ್ಣಾರೆ ಕಂಡ ಜನರೇ ಅವುಗಳನ್ನು ಉಳಿಸಬಲ್ಲರೆಂದು ನಂಬಿ ದುಡಿದದ್ದು ಇವರ ಮುಖ್ಯ ಕೊಡುಗೆ. ಆ ನಂಬಿಕೆಯೇ ಇವರಿಗೆ ದೊಡ್ಡ ಗೆಲುವನ್ನೂ ದೊಡ್ಡ ಸೋಲನ್ನೂ ತಂದಿತು.

ಬಾಲ್ಯ ಮತ್ತು ಶಿಕ್ಷಣ

ಮ್ಯೂರ್ ಸ್ಕಾಟ್ಲೆಂಡಿನ ಪೂರ್ವ ಕರಾವಳಿಯ ಡನ್‌ಬಾರ್ ಪಟ್ಟಣದಲ್ಲಿ ಡೇನಿಯಲ್ ಮ್ಯೂರ್ ಮತ್ತು ಆನ್ ಗಿಲ್ರೈ ದಂಪತಿಗಳ ಎಂಟು ಮಕ್ಕಳಲ್ಲಿ ಮೂರನೆಯವರಾಗಿ ಜನಿಸಿದರು. ೧೮೪೯ರಲ್ಲಿ ಕುಟುಂಬವು ಅಮೆರಿಕದ ವಿಸ್ಕಾನ್ಸಿನ್ ಪ್ರಾಂತಕ್ಕೆ ವಲಸೆ ಹೋಗಿ ಕಾಡು ಕಡಿದು ಹೊಲ ಮಾಡಿತು. ತಂದೆ ಕಟ್ಟುನಿಟ್ಟಿನ ಧಾರ್ಮಿಕ ಮನುಷ್ಯ. ಬೈಬಲ್ಲಿನ ಬಹುಭಾಗವನ್ನು ಬಾಲಕನಿಗೆ ಏಟಿನ ಭಯದಲ್ಲಿಯೇ ಬಾಯಿಪಾಠ ಮಾಡಿಸಿದ್ದರು. ಹೊಲದಲ್ಲಿ ಬಂಡೆಯನ್ನು ಉಳಿಯಿಂದ ಕೆತ್ತಿ ಸುಮಾರು ೯೦ ಅಡಿ ಆಳದ ಬಾವಿ ತೋಡುವ ಕೆಲಸ ಮ್ಯೂರ್ ಅವರ ಪಾಲಿಗೆ ಬಂದಿತು. ಒಮ್ಮೆ ಬಾವಿಯ ತಳದಲ್ಲಿ ಸೇರಿದ್ದ ವಿಷಾನಿಲದಿಂದ ಪ್ರಜ್ಞೆ ತಪ್ಪುವ ಸ್ಥಿತಿಗೆ ತಲುಪಿ ಕೂದಲೆಳೆಯಲ್ಲಿ ಪಾರಾದರು.

ಬಿಡುವಿನಲ್ಲಿ ಮರದ ಗಡಿಯಾರಗಳನ್ನೂ ವಿಚಿತ್ರ ಯಂತ್ರಗಳನ್ನೂ ತಯಾರಿಸುತ್ತಿದ್ದ ಇವರು ೧೮೬೦ರಲ್ಲಿ ಮ್ಯಾಡಿಸನ್ ನಗರದ ಮೇಳದಲ್ಲಿ ಅವುಗಳನ್ನು ಪ್ರದರ್ಶಿಸಿ ಗಮನ ಸೆಳೆದರು. ನಿಗದಿತ ಹೊತ್ತಿಗೆ ಮಲಗಿದವರನ್ನು ಎಬ್ಬಿಸಿ ನಿಲ್ಲಿಸುವ ಮಂಚವೂ ಇವರ ರಚನೆಗಳಲ್ಲಿ ಒಂದು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ, ಭೂವಿಜ್ಞಾನ ಮತ್ತು ಸಸ್ಯಶಾಸ್ತ್ರಗಳನ್ನು ಕಲಿತರೂ ಪದವಿ ಪಡೆಯಲಿಲ್ಲ.

೧೮೬೭ರ ಮಾರ್ಚ್ ತಿಂಗಳಲ್ಲಿ ಇಂಡಿಯಾನಾಪೊಲಿಸ್‌ನ ಗಾಡಿ ಬಿಡಿಭಾಗಗಳ ಕಾರ್ಖಾನೆಯಲ್ಲಿ ದುಡಿಯುತ್ತಿದ್ದಾಗ ಅರ ಜಾರಿ ಇವರ ಬಲಗಣ್ಣಿಗೆ ಚುಚ್ಚಿತು. ಸ್ವಲ್ಪ ಕಾಲದಲ್ಲಿ ಇನ್ನೊಂದು ಕಣ್ಣೂ ಮಂಜಾಯಿತು. ವಾರಗಟ್ಟಲೆ ಕತ್ತಲೆ ಕೋಣೆಯಲ್ಲಿ ಮಲಗಿದ್ದ ಇವರು, ದೃಷ್ಟಿ ಮರಳಿದ ಮೇಲೆ ಯಂತ್ರಗಳ ಸಹವಾಸ ತೊರೆದು ಕಾಡು ನೋಡುವುದಕ್ಕೆ ಬದುಕನ್ನು ಮೀಸಲಿಡಲು ನಿಶ್ಚಯಿಸಿದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಕೆಂಟಕಿಯಿಂದ ಫ್ಲಾರಿಡಾದ ಸಮುದ್ರ ತೀರದವರೆಗೆ ಸುಮಾರು ಸಾವಿರ ಮೈಲಿ ಕಾಲ್ನಡಿಗೆಯಲ್ಲಿ ಸಾಗಿದರು. ಅಲ್ಲಿ ಮಲೇರಿಯಾ ಜ್ವರಕ್ಕೆ ತುತ್ತಾಗಿ ಚೇತರಿಸಿಕೊಂಡು, ಕ್ಯೂಬಾ ಮಾರ್ಗವಾಗಿ ೧೮೬೮ರ ಮಾರ್ಚ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ತಲುಪಿದರು.

ಯೊಸೆಮಿಟಿ

ಯೊಸೆಮಿಟಿ ಕಣಿವೆಯು ಸಿಯೆರಾ ನೆವಾಡಾ ಪರ್ವತಶ್ರೇಣಿಯಲ್ಲಿದೆ. ಅಧ್ಯಕ್ಷ ಅಬ್ರಹಾಂ ಲಿಂಕನ್ ಅವರು ೧೮೬೪ರಲ್ಲಿ ಸಹಿ ಮಾಡಿದ ಶಾಸನದ ಮೂಲಕ ಕಣಿವೆಯನ್ನೂ ಮರಿಪೋಸಾ ತೋಪಿನ ದೈತ್ಯ ಸೆಕ್ವೋಯಾ ಮರಗಳನ್ನೂ ಸಾರ್ವಜನಿಕರ ಬಳಕೆಗಾಗಿ ಕ್ಯಾಲಿಫೋರ್ನಿಯಾ ರಾಜ್ಯದ ವಶಕ್ಕೆ ನೀಡಲಾಗಿತ್ತು. ಸುತ್ತಲಿನ ಎತ್ತರದ ಕಾಡು, ಹುಲ್ಲುಗಾವಲುಗಳಿಗೆ ಯಾವ ರಕ್ಷಣೆಯೂ ಇರಲಿಲ್ಲ.

೧೮೬೯ರ ಬೇಸಿಗೆಯಲ್ಲಿ ಮ್ಯೂರ್ ಎರಡು ಸಾವಿರಕ್ಕೂ ಹೆಚ್ಚು ಕುರಿಗಳ ಹಿಂಡಿನೊಂದಿಗೆ ಟುವಾಲಮಿ ಹುಲ್ಲುಗಾವಲಿಗೆ ಹೋದರು. ಹಿಂಡು ಹಾದುಹೋದ ಕಡೆ ಹೂವು, ಹುಲ್ಲು, ಸಸಿ ಯಾವುದೂ ಉಳಿಯದಿದ್ದುದನ್ನು ಅವರು ಕಂಡರು. ಮುಂದೆ ಕುರಿಹಿಂಡುಗಳನ್ನು ಗೊರಸುಳ್ಳ ಮಿಡತೆಗಳಿಗೆ ಹೋಲಿಸಿ ಬರೆದವರು ಸ್ವತಃ ಕುರಿ ಕಾಯ್ದವರಾಗಿದ್ದರು ಎಂಬುದು ಅವರ ವಾದಕ್ಕೆ ಬಲ ನೀಡಿತು. ಅನಂತರ ಕಣಿವೆಯ ಹೋಟೆಲ್ ಮಾಲೀಕರೊಬ್ಬರ ಮರ ಕೊಯ್ಯುವ ಗಿರಣಿಯಲ್ಲಿ ಕೆಲಸಕ್ಕೆ ಸೇರಿ, ಹೊಳೆಯ ದಡದಲ್ಲಿ ಗುಡಿಸಲು ಕಟ್ಟಿಕೊಂಡು ಬಿಡುವಿನ ದಿನಗಳನ್ನೆಲ್ಲ ಬೆಟ್ಟದ ಮೇಲೆ ಕಳೆದರು.

ಕಣಿವೆಯ ತಳವು ಭೂಮಿಯ ಆಕಸ್ಮಿಕ ಕುಸಿತದಿಂದ ಉಂಟಾಯಿತೆಂದು ರಾಜ್ಯದ ಭೂವಿಜ್ಞಾನಿ ಜೊಸಾಯಾ ವಿಟ್ನಿ ಪ್ರತಿಪಾದಿಸಿದ್ದರು. ಹಿಮನದಿಗಳೇ ಅದನ್ನು ಕೊರೆದವು ಎಂಬುದು ಮ್ಯೂರ್ ಅವರ ಅಭಿಪ್ರಾಯವಾಗಿತ್ತು. ವಿಟ್ನಿ ಇದನ್ನು ಅಜ್ಞಾನಿಯ ಮಾತೆಂದು ತಳ್ಳಿಹಾಕಿದರು. ೧೮೭೧ರಲ್ಲಿ ಮ್ಯೂರ್ ಸಿಯೆರಾ ಶ್ರೇಣಿಯಲ್ಲಿ ಜೀವಂತ ಹಿಮನದಿಯೊಂದನ್ನು ಪತ್ತೆಹಚ್ಚಿದರು. ಅದೇ ಡಿಸೆಂಬರಿನಲ್ಲಿ ಯೊಸೆಮಿಟಿಯ ಹಿಮನದಿಗಳನ್ನು ಕುರಿತ ಅವರ ಮೊದಲ ಲೇಖನ ನ್ಯೂಯಾರ್ಕ್ ಟ್ರಿಬ್ಯೂನ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಕಣಿವೆಯ ರಚನೆಯಲ್ಲಿ ಹಿಮನದಿಗಳ ಪಾತ್ರವನ್ನು ಮ್ಯೂರ್ ಸ್ವಲ್ಪ ಹಿಗ್ಗಿಸಿಯೇ ಹೇಳಿದ್ದರೂ, ಈ ವಿವಾದದಲ್ಲಿ ಸತ್ಯಕ್ಕೆ ಹತ್ತಿರವಿದ್ದವರು ಅವರೇ ಎಂದು ನಂತರದ ಸಂಶೋಧನೆ ತೋರಿಸಿತು.

ಉದ್ಯಾನದ ಸ್ಥಾಪನೆ

೧೮೮೦ರಲ್ಲಿ ಲೂಯಿಸಾ ಸ್ಟ್ರೆಂಟ್‌ಜೆಲ್ ಅವರನ್ನು ವಿವಾಹವಾದ ಮ್ಯೂರ್, ಮಾರ್ಟಿನೆಜ್ ಪಟ್ಟಣದ ಬಳಿ ಮಾವನ ಹಣ್ಣಿನ ತೋಟಗಳನ್ನು ನೋಡಿಕೊಂಡರು. ವಾಂಡಾ ಮತ್ತು ಹೆಲೆನ್ ಎಂಬ ಇಬ್ಬರು ಹೆಣ್ಣುಮಕ್ಕಳು ಜನಿಸಿದರು. ತೋಟ ಲಾಭ ತಂದರೂ ಬರವಣಿಗೆ ಹಿಂದೆ ಬಿತ್ತು, ಆರೋಗ್ಯ ಕುಂದಿತು. ಪತ್ನಿಯೇ ೧೮೮೮ರಲ್ಲಿ ಪತ್ರ ಬರೆದು, ತೋಟದ ಹೊರೆ ಇಳಿಸಿ ಬರಹಕ್ಕೂ ಬೆಟ್ಟಗಳಿಗೂ ಮರಳುವಂತೆ ಪ್ರೋತ್ಸಾಹಿಸಿದರು.

೧೮೮೯ರ ಜೂನ್‌ನಲ್ಲಿ ಸೆಂಚುರಿ ಮಾಸಪತ್ರಿಕೆಯ ಸಂಪಾದಕರಲ್ಲಿ ಒಬ್ಬರಾದ ರಾಬರ್ಟ್ ಅಂಡರ್‌ವುಡ್ ಜಾನ್ಸನ್ ಅವರನ್ನು ಮ್ಯೂರ್ ಟುವಾಲಮಿಗೆ ಕರೆದೊಯ್ದರು. ಕುರಿಗಳು ಮೇಯ್ದು ಬೋಳಾದ ಹುಲ್ಲುಗಾವಲನ್ನು ಕಂಡ ಜಾನ್ಸನ್, ಆ ಪ್ರದೇಶವನ್ನು ರಾಷ್ಟ್ರೀಯ ಉದ್ಯಾನವಾಗಿಸುವ ಸಲಹೆ ನೀಡಿ, ಲೇಖನ ಬರೆಯಲು ಒತ್ತಾಯಿಸಿದರು. ಮ್ಯೂರ್ ಅವರ ಎರಡು ಲೇಖನಗಳು ೧೮೯೦ರ ಆಗಸ್ಟ್ ಮತ್ತು ಸೆಪ್ಟೆಂಬರ್ ಸಂಚಿಕೆಗಳಲ್ಲಿ ಬಂದವು. ಅಕ್ಟೋಬರ್ ೧ರಂದು ಶಾಸನ ಅಂಗೀಕಾರವಾಯಿತು. ಕಣಿವೆ ಮಾತ್ರ ಇನ್ನೂ ರಾಜ್ಯದ ಕೈಯಲ್ಲಿಯೇ ಉಳಿಯಿತು. ೧೮೯೨ರ ಮೇ ೨೮ರಂದು ಸ್ಥಾಪನೆಯಾದ ಸಿಯೆರಾ ಕ್ಲಬ್ ಉದ್ಯಾನದ ರಕ್ಷಣೆಯ ಜೊತೆಗೆ ಜನರು ಬೆಟ್ಟಗಳಿಗೆ ಹೋಗಲು ಅನುಕೂಲ ಕಲ್ಪಿಸುವುದನ್ನೂ ತನ್ನ ಉದ್ದೇಶವಾಗಿ ಸಾರಿತು.

೧೯೦೩ರ ಮೇ ತಿಂಗಳಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಮ್ಯೂರ್ ಅವರೊಂದಿಗೆ ಮೂರು ರಾತ್ರಿ ಬಯಲಿನಲ್ಲಿ ಕಳೆದರು. ಮೊದಲ ರಾತ್ರಿ ಸೆಕ್ವೋಯಾ ಮರಗಳ ಕೆಳಗೆ, ಎರಡನೆಯದು ಗ್ಲೇಸಿಯರ್ ಪಾಯಿಂಟ್ ಬಳಿ ಸುರಿಯುವ ಹಿಮದಲ್ಲಿ, ಮೂರನೆಯದು ಕಣಿವೆಯ ಹುಲ್ಲುಗಾವಲಿನಲ್ಲಿ. ಅಧ್ಯಕ್ಷರಿಗಾಗಿ ಸಿದ್ಧವಾಗಿದ್ದ ಔತಣಕೂಟ ವ್ಯರ್ಥವಾಯಿತು. ಕಣಿವೆಯನ್ನು ಕೇಂದ್ರ ಸರ್ಕಾರ ಮರಳಿ ಪಡೆಯಬೇಕೆಂದು ಮ್ಯೂರ್ ಈ ಸಂದರ್ಭದಲ್ಲಿ ಮನವೊಲಿಸಿದರು. ೧೯೦೬ರಲ್ಲಿ ಅದು ಉದ್ಯಾನದಲ್ಲಿ ವಿಲೀನವಾಯಿತು.

ಉದ್ಯಾನ ದರ್ಶನದ ಕುರಿತ ವಿಚಾರಗಳು

ಮ್ಯೂರ್ ಅವರ 'ಅವರ್ ನ್ಯಾಷನಲ್ ಪಾರ್ಕ್ಸ್' (೧೯೦೧) ಎಂಬ ಗ್ರಂಥವನ್ನು ಜನರನ್ನು ಉದ್ಯಾನಗಳತ್ತ ಸೆಳೆಯುವ ಸ್ಪಷ್ಟ ಉದ್ದೇಶದಿಂದಲೇ ರಚಿಸಲಾಯಿತು. ನಗರದ ದುಡಿಮೆಯಲ್ಲಿ ಬಳಲಿದವರಿಗೆ ಕಾಡು ವಿಲಾಸವಲ್ಲ, ಅವಶ್ಯಕತೆ ಎಂಬುದು ಅವರ ಮೊದಲ ವಾದ. ಕಾಡು ಮರಮುಟ್ಟಿಗೆ ಮಾತ್ರವಲ್ಲದೆ ನದಿಗಳಿಗೂ ಮೂಲ. ಬೆಟ್ಟದ ಮೇಲಿನ ಕಾಡು ನಾಶವಾದರೆ ಬಯಲಿನ ಬೇಸಾಯವೂ ಉಳಿಯದು ಎಂಬುದು ಎರಡನೆಯದು. ಕರಡಿ, ಹಾವುಗಳ ಭಯದಿಂದ ಹಿಂಜರಿಯುವವರಿಗೆ, ಕಾಡಿನ ಅಪಾಯಗಳು ಊರಿನ ಅಪಾಯಗಳಿಗಿಂತ ಕಡಿಮೆಯೆಂದು ಧೈರ್ಯ ಹೇಳಿದರು. ಗಾಡಿಯಲ್ಲಿ ಕುಳಿತು ಕೆಲವೇ ದಿನಗಳಲ್ಲಿ ಯೆಲ್ಲೋಸ್ಟೋನ್ ಮುಗಿಸುವ ಪ್ರವಾಸಿಗರ ಅವಸರವನ್ನು ಆಕ್ಷೇಪಿಸಿದರು. ಮುಂದೆ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನವಾದ ಪ್ರದೇಶಕ್ಕೆ ಕನಿಷ್ಠ ಒಂದು ತಿಂಗಳನ್ನಾದರೂ ಕೊಡಬೇಕೆಂಬುದು ಅವರ ಸಲಹೆ.

'ದಿ ಯೊಸೆಮಿಟಿ' (೧೯೧೨) ಕೃತಿಯಲ್ಲಿ ಹೆಚ್ಚು ಪ್ರಾಯೋಗಿಕ ಮಾರ್ಗದರ್ಶನವಿದೆ. ಒಂದೇ ದಿನದ ಬಿಡುವುಳ್ಳವರು ನಡುಬೇಸಿಗೆಯಲ್ಲಿ ಬೆಳಗಿನ ಜಾವ ಮೂರು ಗಂಟೆಗೆ, ಜೇಬಿನಲ್ಲಿ ಒಣ ತಿಂಡಿಯಷ್ಟನ್ನೇ ಇಟ್ಟುಕೊಂಡು ಹೊರಟು, ಗ್ಲೇಸಿಯರ್ ಪಾಯಿಂಟ್ ಏರಿ ನೆವಾಡಾ ಮತ್ತು ವರ್ನಲ್ ಜಲಪಾತಗಳ ಮಾರ್ಗವಾಗಿ ಇಳಿಯಬೇಕೆಂದು ಅವರು ಸೂಚಿಸುತ್ತಾರೆ. ಸಾಧಾರಣ ನಡಿಗೆಯವರಿಗೆ ಇದು ಕಠಿಣ ದಾರಿ; ತಮ್ಮ ಕಾಲಿನ ಶಕ್ತಿಯನ್ನೇ ಅವರು ಎಲ್ಲರಿಗೂ ಅಳತೆಗೋಲಾಗಿ ಇಟ್ಟುಕೊಂಡಂತಿದೆ. ಎರಡು, ಮೂರು ದಿನಗಳ ಸುತ್ತುಗಳನ್ನೂ ವಿವರಿಸಿ, ಮೇಲಿನ ಟುವಾಲಮಿ ಪ್ರದೇಶದ ಪ್ರವಾಸಕ್ಕೆ ಎರಡು ಮೂರು ವಾರಗಳು ಬೇಕೆನ್ನುತ್ತಾರೆ. ಅವರ ಸ್ವಂತ ಪ್ರಯಾಣಗಳಿಗೆ ರೊಟ್ಟಿ ಮತ್ತು ಚಹಾಪುಡಿ ಸಾಕಾಗುತ್ತಿದ್ದವು. ಎಷ್ಟೋ ಬಾರಿ ಕಂಬಳಿಯೂ ಇರುತ್ತಿರಲಿಲ್ಲ.

೧೯೦೩–೦೪ರ ವಿಶ್ವಪ್ರವಾಸದಲ್ಲಿ ಮ್ಯೂರ್ ಭಾರತಕ್ಕೂ ಬಂದು, ಹಿಮಾಲಯದ ತಪ್ಪಲಿನ ಡಾರ್ಜಿಲಿಂಗ್ ಮತ್ತು ಶಿಮ್ಲಾಗಳಿಗೆ ಹೋಗಿ ದೇವದಾರು ವೃಕ್ಷಗಳನ್ನು ನೋಡಿದರು.

ಹೆಚ್‌ಹೆಚಿ ವಿವಾದ

ಯೊಸೆಮಿಟಿ ಕಣಿವೆಯ ಉತ್ತರಕ್ಕೆ, ಅದೇ ಉದ್ಯಾನದೊಳಗೆ, ಹೆಚ್‌ಹೆಚಿ ಎಂಬ ಇನ್ನೊಂದು ಕಣಿವೆಯಿದೆ. ಕಡಿದಾದ ಬಂಡೆಗೋಡೆಗಳು, ಜಲಪಾತಗಳು, ನಡುವೆ ಟುವಾಲಮಿ ನದಿ ಹರಿಯುವ ಹುಲ್ಲುಗಾವಲು ಇದ್ದ ಇದನ್ನು ಮ್ಯೂರ್ ಯೊಸೆಮಿಟಿಗೆ ಸಮಾನವೆಂದು ಪರಿಗಣಿಸಿದ್ದರು. ಇಲ್ಲಿ ಅಣೆಕಟ್ಟು ಕಟ್ಟಿ ಕುಡಿಯುವ ನೀರು ಪಡೆಯಲು ಸ್ಯಾನ್ ಫ್ರಾನ್ಸಿಸ್ಕೊ ನಗರ ಬಯಸಿತು. ೧೯೦೬ರ ಭೂಕಂಪ ಮತ್ತು ಬೆಂಕಿಯ ಅನಾಹುತದ ನಂತರ ನಗರದ ಬೇಡಿಕೆಗೆ ಸಹಾನುಭೂತಿ ಹೆಚ್ಚಿತು. ೧೯೦೮ರಲ್ಲಿ ರೂಸ್‌ವೆಲ್ಟ್ ಆಡಳಿತವೇ ಇದಕ್ಕೆ ಅನುಮತಿ ನೀಡಿತು.

ಈ ಕಣಿವೆಯನ್ನು ಕಂಡವರು ತೀರ ವಿರಳ, ಲಕ್ಷಾಂತರ ಜನರ ನೀರಿನ ಮುಂದೆ ಕೆಲವರ ಸೌಂದರ್ಯಪ್ರೀತಿ ಹೆಚ್ಚಿನದಲ್ಲ ಎಂದು ಅಣೆಕಟ್ಟಿನ ಪರವಾದಿಗಳು ವಾದಿಸಿದರು. ಮ್ಯೂರ್ ಪಕ್ಷಕ್ಕೆ ಇದು ಅತ್ಯಂತ ಕಠಿಣವಾದ ಪ್ರಶ್ನೆಯಾಗಿತ್ತು. ರಸ್ತೆ ಮತ್ತು ವಸತಿಗಳಾದರೆ ಜನ ಬಂದೇ ಬರುತ್ತಾರೆ ಎಂದು ಅವರು ಉತ್ತರಿಸಿದರು. ಹೀಗೆ ಕಾಡನ್ನು ಕಾಡಾಗಿಯೇ ಉಳಿಸಲು ಹೊರಟವರು ಅಲ್ಲಿಗೆ ರಸ್ತೆ ಬರಲೆಂದು ವಾದಿಸಬೇಕಾಯಿತು. ಸಿಯೆರಾ ಕ್ಲಬ್ಬಿನ ಕೆಲವು ಸದಸ್ಯರು ನಗರದ ಪರ ನಿಂತರು. ದೇಶದಾದ್ಯಂತ ಪತ್ರಿಕೆಗಳೂ ಮಹಿಳಾ ಸಂಘಗಳೂ ಮ್ಯೂರ್ ಅವರನ್ನು ಬೆಂಬಲಿಸಿದರೂ, ಸೆನೆಟ್ ೪೩–೨೫ ಮತಗಳಿಂದ ಮಸೂದೆಯನ್ನು ಅಂಗೀಕರಿಸಿತು. ೧೯೧೩ರ ಡಿಸೆಂಬರ್ ೧೯ರಂದು ಅಧ್ಯಕ್ಷ ವುಡ್ರೋ ವಿಲ್ಸನ್ ಅದಕ್ಕೆ ಸಹಿ ಹಾಕಿದರು. ಅಣೆಕಟ್ಟು ೧೯೨೩ರಲ್ಲಿ ಪೂರ್ಣಗೊಂಡಿತು. ಕಣಿವೆ ಇಂದಿಗೂ ನೀರಿನಡಿಯಲ್ಲಿದೆ.

ಅದೇ ೧೯೧೩ರಲ್ಲಿ ಯೊಸೆಮಿಟಿ ಕಣಿವೆಗೆ ಮೋಟಾರು ವಾಹನಗಳ ಪ್ರವೇಶಕ್ಕೆ ಅನುಮತಿ ದೊರೆಯಿತು. ಮೋಟಾರಿನ ಹೊಗೆ ಮ್ಯೂರ್ ಅವರಿಗೆ ಹಿಡಿಸದಿದ್ದರೂ ಅವರು ಅದನ್ನು ತಡೆಯಲು ಹೋರಾಡಲಿಲ್ಲ.

ನಿಧನ

ಮೊಹಾವಿ ಮರುಭೂಮಿಯಲ್ಲಿದ್ದ ಮಗಳು ಹೆಲೆನ್‌ಳನ್ನು ನೋಡಲು ಹೋಗಿದ್ದ ಮ್ಯೂರ್ ನ್ಯುಮೋನಿಯಾದಿಂದ ಅಸ್ವಸ್ಥರಾಗಿ, ೧೯೧೪ರ ಡಿಸೆಂಬರ್ ೨೪ರಂದು ಲಾಸ್ ಏಂಜಲೀಸ್ ಆಸ್ಪತ್ರೆಯಲ್ಲಿ ನಿಧನರಾದರು. ಉದ್ಯಾನಗಳ ಆಡಳಿತಕ್ಕೆಂದೇ ರಾಷ್ಟ್ರೀಯ ಉದ್ಯಾನ ಸೇವೆ ೧೯೧೬ರ ಆಗಸ್ಟ್ ೨೫ರಂದು ಅಸ್ತಿತ್ವಕ್ಕೆ ಬಂದಿತು.

ವಿಮರ್ಶೆ ಮತ್ತು ಸ್ಮರಣೆ

ಮ್ಯೂರ್ ನಿರ್ಜನವೆಂಬಂತೆ ವರ್ಣಿಸಿದ ಯೊಸೆಮಿಟಿ ಅಹ್ವಾನೀಚಿ ಜನರ ನೆಲೆಯಾಗಿತ್ತು. ೧೮೫೧ರಲ್ಲಿ ಮರಿಪೋಸಾ ಪಡೆ ಕಣಿವೆಗೆ ನುಗ್ಗಿ ಅವರನ್ನು ಹೊರದೂಡಿತ್ತು. ಹುಲ್ಲುಗಾವಲುಗಳ ತೆರವಾದ ಚೆಲುವಿಗೆ ಆ ಜನರು ಕಾಲಕಾಲಕ್ಕೆ ಇಡುತ್ತಿದ್ದ ಬೆಂಕಿಯೂ ಕಾರಣವೆಂಬುದನ್ನು ಮ್ಯೂರ್ ಗುರುತಿಸಲಿಲ್ಲ. ಮೂಲನಿವಾಸಿಗಳು ಮತ್ತು ಕಪ್ಪು ಜನರ ಬಗ್ಗೆ ಅವರ ಆರಂಭದ ಬರಹಗಳಲ್ಲಿ ಅವಹೇಳನಕಾರಿ ಮಾತುಗಳಿವೆ. ಅಲಾಸ್ಕಾದ ಟ್ಲಿಂಗಿಟ್ ಜನರ ಒಡನಾಟದ ನಂತರ ಅವರ ಧೋರಣೆ ಮೃದುವಾದಂತೆ ಕಾಣುತ್ತದೆ. ೨೦೨೦ರಲ್ಲಿ ಸಿಯೆರಾ ಕ್ಲಬ್ ಈ ಮಾತುಗಳನ್ನು ಬಹಿರಂಗವಾಗಿ ಒಪ್ಪಿಕೊಂಡು ಕ್ಷಮೆ ಕೋರಿತು.

ಸ್ಯಾನ್ ಫ್ರಾನ್ಸಿಸ್ಕೊ ಸಮೀಪದ ಮ್ಯೂರ್ ವುಡ್ಸ್ (೧೯೦೮) ರೆಡ್‌ವುಡ್ ಅರಣ್ಯಕ್ಕೆ ಇವರ ಹೆಸರಿಡಲಾಗಿದೆ. ಮಾರ್ಟಿನೆಜ್‌ನಲ್ಲಿನ ಮನೆ ರಾಷ್ಟ್ರೀಯ ಸ್ಮಾರಕವಾಗಿದ್ದು ಸಾರ್ವಜನಿಕರಿಗೆ ತೆರೆದಿದೆ. ಯೊಸೆಮಿಟಿ ಕಣಿವೆಯಿಂದ ದಕ್ಷಿಣಕ್ಕೆ ಸಾಗುವ ಸುಮಾರು ೩೪೦ ಕಿಲೋಮೀಟರ್ ಉದ್ದದ ಜಾನ್ ಮ್ಯೂರ್ ಚಾರಣಪಥವನ್ನು ಕ್ರಮಿಸಲು ಸಾಮಾನ್ಯವಾಗಿ ಮೂರು ವಾರಗಳು ಬೇಕು. ಇದಕ್ಕೆ ಮುಂಗಡವಾಗಿ ಅನುಮತಿ ಪತ್ರ ಪಡೆಯಬೇಕಾಗುತ್ತದೆ. ಈ ದಾರಿ ಕೊನೆಗೊಳ್ಳುವುದು ಅಲಾಸ್ಕಾವನ್ನು ಬಿಟ್ಟರೆ ಅಮೆರಿಕದ ಮುಖ್ಯ ಭೂಭಾಗದ ಅತಿ ಎತ್ತರದ ಶಿಖರದಲ್ಲಿ. ಆ ಶಿಖರದ ಹೆಸರು ಮೌಂಟ್ ವಿಟ್ನಿ. ಮ್ಯೂರ್ ಅವರ ಹಿಮನದಿ ಸಿದ್ಧಾಂತವನ್ನು ತಳ್ಳಿಹಾಕಿದ್ದ ಭೂವಿಜ್ಞಾನಿಯ ಹೆಸರು.