ಬೆನೆಗಲ್ ನರಸಿಂಗ ರಾಯರು

ವಯನಾಡಿನ ಮಲೆಗಳಿಂದ ಇಳಿದು ಬರುವ ಕಪಿಲೆಯು ನಂಜನಗೂಡಿನ ಶ್ರೀಕಂಠೇಶ್ವರನ ಸನ್ನಿಧಿಯನ್ನು ಹಾದು, ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡಿ, ಮುಂದೆ ತಮಿಳುನಾಡನ್ನು ಹೊಗುತ್ತದೆ. ನದಿಯು ಎಲ್ಲೆಯನ್ನರಿಯದು, ನೀರಿನ ವ್ಯಾಜ್ಯವಾದರೋ ಎಲ್ಲೆಯಿಂದಲೇ ಹುಟ್ಟುತ್ತದೆ. ಒಂದೇ ಒಕ್ಕೂಟದಲ್ಲಿ ಬಾಳುವ ರಾಜ್ಯಗಳ ಹಕ್ಕುಗಳನ್ನು ತೂಗುವ ಬಗೆ ಹೇಗೆ? ಇಂತಹ ಪ್ರಶ್ನೆಗಳ ಅಧ್ಯಯನದಲ್ಲಿ ಆಯುಷ್ಯವನ್ನು ಸವೆಸಿದವರು ದಕ್ಷಿಣ ಕನ್ನಡದ ಬೆನೆಗಲ್ ನರಸಿಂಗ ರಾಯರು.

1887ರಲ್ಲಿ ಜನಿಸಿದ ರಾಯರು ಮಂಗಳೂರಿನ ಕೆನರಾ ಪ್ರೌಢಶಾಲೆ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜು, ಕೇಂಬ್ರಿಜ್ ಇವುಗಳಲ್ಲಿ ವ್ಯಾಸಂಗ ಮಾಡಿ, ಐ.ಸಿ.ಎಸ್. ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಬಂಗಾಳ ಮತ್ತು ಅಸ್ಸಾಮುಗಳಲ್ಲಿ ಸೇವೆ ಸಲ್ಲಿಸಿದರು. 1939ರಲ್ಲಿ ಕಲ್ಕತ್ತಾ ಉಚ್ಚ ನ್ಯಾಯಾಲಯದ ನ್ಯಾಯಾಧೀಶರಾದರು.

ಪಂಜಾಬು ಭಾಕ್ರಾದಲ್ಲಿ ಅಣೆಕಟ್ಟು ಕಟ್ಟಿದರೆ ತನ್ನ ಕಾಲುವೆಗಳು ಬತ್ತುವುವೆಂದು ಸಿಂಧ್ ಪ್ರಾಂತವು ದೂರಿತು. ವಿಚಾರಣೆಯ ಆಯೋಗಕ್ಕೆ ರಾಯರೇ ಅಧ್ಯಕ್ಷರಾದರು. ಮೇಲಿನವನು ನದಿಯ ಒಡೆಯನಲ್ಲ, ಕೆಳಗಿನವನೂ ಅಲ್ಲ. ಪರಸ್ಪರ ಒಪ್ಪಂದವೇ ಲೇಸು, ಅದಾಗದಿದ್ದಲ್ಲಿ ನ್ಯಾಯಸಮ್ಮತ ಹಂಚಿಕೆಯೇ ದಾರಿ ಎಂಬುದು 1942ರ ವರದಿಯ ತಿರುಳು. ಕಾವೇರಿಯ ದಡದಲ್ಲಿರುವವರಿಗೆ ಈ ಮಾತಿನ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ.

1946ರಲ್ಲಿ ಅವರು ಸಂವಿಧಾನ ಸಭೆಯ ಸಲಹೆಗಾರರಾದರು, ಸಂಬಳವನ್ನು ಸ್ವೀಕರಿಸಲಿಲ್ಲ. ನಾನಾ ದೇಶಗಳ ಸಂವಿಧಾನಗಳನ್ನು ಶೋಧಿಸಿ ಸದಸ್ಯರಿಗಾಗಿ ಪುಸ್ತಿಕೆಗಳನ್ನು ಸಿದ್ಧಪಡಿಸಿದರು. 1947ರ ಅಕ್ಟೋಬರಿನಲ್ಲಿ ಮೊದಲ ಕರಡನ್ನೊಪ್ಪಿಸಿ ಅಮೆರಿಕ, ಕೆನಡಾ, ಐರ್ಲೆಂಡ್, ಇಂಗ್ಲೆಂಡುಗಳಿಗೆ ತೆರಳಿದರು. ಅಲ್ಲಿನ ನ್ಯಾಯಾಧೀಶರೊಡನೆಯೂ ರಾಜಕಾರಣಿಗಳೊಡನೆಯೂ ಚರ್ಚಿಸಿ, ಗ್ರಂಥಗಳಲ್ಲಿ ಓದಿದ್ದು ಆಚರಣೆಯಲ್ಲಿ ಹೇಗಿದೆಯೆಂದು ಕಂಡುಕೊಂಡರು. ಅಮೆರಿಕದ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್, ಶಾಸನಗಳ ಒಳಿತು ಕೆಡುಕುಗಳನ್ನು ತೂಗುವ ಅಧಿಕಾರವನ್ನು ನ್ಯಾಯಾಲಯಗಳಿಗೆ ಅತಿಯಾಗಿ ಕೊಡುವುದು ಪ್ರಜಾಪ್ರಭುತ್ವಕ್ಕೆ ಒಗ್ಗದೆಂದು ತಿಳಿಸಿದರು. ರಾಯರು ಅದನ್ನು ಮನಗಂಡರು. ವ್ಯಕ್ತಿಸ್ವಾತಂತ್ರ್ಯವನ್ನು ಕುರಿತ ವಿಧಿಯಲ್ಲಿ ಪದಗಳು ಬದಲಾದವು. ಕಾನೂನು ವಿಧಿಸಿದ ಕ್ರಮವನ್ನು ಅನುಸರಿಸಿದರೆ ಸಾಕೆಂದಾಯಿತು. ರಾಯರ ಈ ನಿಲುವು ವಿವಾದಾತೀತವೇನಲ್ಲ. ಆ ಕ್ರಮವು ನ್ಯಾಯಯುತವೂ ಆಗಿರಬೇಕೆಂದು ಸರ್ವೋಚ್ಚ ನ್ಯಾಯಾಲಯವು 1978ರಲ್ಲಿ ತೀರ್ಪಿತ್ತಿತು.

ಕರಡನ್ನು ಅಂಬೇಡ್ಕರರ ಸಮಿತಿಯು ಕೂಲಂಕಷವಾಗಿ ಪರಿಶೀಲಿಸಿ ತಿದ್ದಿತು. 1949ರಲ್ಲಿ ಕಾರ್ಯವು ಮುಗಿದಾಗ ಅಂಬೇಡ್ಕರರು ಕೀರ್ತಿಯ ಒಂದು ಪಾಲು ರಾಯರಿಗೆ ಸಲ್ಲಬೇಕೆಂದು ಸಭೆಯಲ್ಲಿ ಸಾರಿದರು. ಅಂತರರಾಜ್ಯ ನದಿಗಳ ವ್ಯಾಜ್ಯಕ್ಕೂ ಸಂವಿಧಾನದಲ್ಲಿ 262ನೆಯ ವಿಧಿಯು ಸೇರಿತು.

ಬಳಿಕ ರಾಯರ ಕಾರ್ಯಕ್ಷೇತ್ರ ವಿಶ್ವಸಂಸ್ಥೆಯಾಯಿತು. 1950ರ ಜೂನಿನಲ್ಲಿ ಕೊರಿಯಾದ ಯುದ್ಧ ಸಿಡಿದಾಗ ಭದ್ರತಾ ಮಂಡಲಿಯ ಅಧ್ಯಕ್ಷಪೀಠದಲ್ಲಿ ಅವರೇ ಇದ್ದರು. 1952ರಲ್ಲಿ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. ಒಂಬತ್ತು ವರ್ಷಗಳ ಆ ಅವಧಿಯಲ್ಲಿ ಎರಡು ವರ್ಷಗಳೂ ತುಂಬಲಿಲ್ಲ. 1953ರ ನವೆಂಬರ್ 30ರಂದು ಸ್ವಿಟ್ಜರ್ಲೆಂಡಿನ ಜೂರಿಕ್‌ನಲ್ಲಿ ರಾಯರು ಕಾಲವಶರಾದರು.